ದಿನಾ ಎಷ್ಟು ಕಿಮ್ಚಿ ತಿನ್ನಬಹುದು?
ದಿನಾ ಒಂದು ದೊಡ್ಡ ಬಟ್ಟಲು ಕಿಮ್ಚಿ (ಕೋಸನ್ನು ಹುಳಿ ಬರಿಸಿ ಮಾಡುವ ಕೊರಿಯಾದ ಖಾರದ ಉಪ್ಪಿನಕಾಯಿ) ತಿನ್ನುತ್ತೇನೆ, ಹೊಟ್ಟೆ ಉಬ್ಬರಿಸುತ್ತದೆ, ಬಿಪಿ ಬೇರೆ ಇದೆ, ಪೂರ್ತಿ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಬಿಡೋದು ಬೇಡ, ಅಳತೆ ಇಳಿಸಿ. ಕೊರಿಯಾದವರೂ ಅದನ್ನು ಅನ್ನ, ಸಾರಿನ ಪಕ್ಕ ಚಿಕ್ಕ ತಟ್ಟೆಯಲ್ಲಿಟ್ಟುಕೊಂಡು ನಂಚಿಕೊಳ್ಳುತ್ತಾರೆ. ಹೊತ್ತಿಗೆ 40-50 ಗ್ರಾಂ, ಅಂದ್ರೆ ಎರಡು ಮೂರು ಚಮಚ, ಸಾಕು.

ನಿಮಗೆ ಮುಖ್ಯ ತೊಂದರೆ ಉಪ್ಪು. ಕೋಸನ್ನು ಮೊದಲು ಉಪ್ಪಿನಲ್ಲಿ ನೆನೆಸುತ್ತಾರೆ, ಆಮೇಲೆ ಮಸಾಲೆಗೆ ಉಪ್ಪು ಹಾಕಿದ ಸಿಗಡಿಯೋ ಮೀನಿನ ಸಾಸೋ ಸೇರುತ್ತದೆ, ಹಾಗಾಗಿ 100 ಗ್ರಾಂ ಕಿಮ್ಚಿಯಲ್ಲಿ ಸುಮಾರು ಒಂದೂವರೆಯಿಂದ ಎರಡು ಗ್ರಾಂ ಉಪ್ಪು ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಅಂತ. ಬಾಟಲಿಯ ತಳದ ಕೆಂಪು ರಸವನ್ನಂತೂ ಕುಡಿಯಲೇಬೇಡಿ. ಬಿಪಿ ನೋಡುವ ಡಾಕ್ಟರಿಗೂ ದಿನಾ ತಿನ್ನುವ ವಿಷಯ ಹೇಳಿ.

ಉಬ್ಬರಕ್ಕೆ ಕೋಸು, ಬೆಳ್ಳುಳ್ಳಿಯೂ ಕಾರಣ ಇರಬಹುದು. ಒಂದು ವಾರ ಒಂದೇ ಚಮಚ, ಅದೂ ಊಟದ ಜೊತೆ, ಖಾಲಿ ಹೊಟ್ಟೆಗೆ ಬೇಡ. ಹೊಂದಿಕೊಂಡರೆ ನಿಧಾನಕ್ಕೆ ಹೆಚ್ಚಿಸಿ. ತುಂಬಾ ಹುಳಿಯಾದದ್ದನ್ನು ತೋಫು (ಸೋಯಾ ಪನೀರ್) ಹಾಕಿ ಕುದಿಸಿ, ಕಿಮ್ಚಿ ಜಿಗೆ ಅನ್ನೋ ಸಾರನ್ನು ಕೊರಿಯಾದವರು ಮಾಡೋದೇ ಹಾಗೆ. ಕುದಿಸಿದರೆ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಉಪ್ಪು ಮಾತ್ರ ಹಾಗೇ ಇರುತ್ತದೆ, ಅದಕ್ಕೆ ಬೇರೆ ಉಪ್ಪು ಹಾಕಬೇಡಿ.