ಸಂಜೆ ಆರರ ಹಸಿವು: ಒಂದು ಪಿಸಿಓಎಸ್ ಪ್ರಕರಣ

ಈ ಹುಡುಗಿಯನ್ನು ರಮ್ಯಾ ಎನ್ನೋಣ. ಹೆಸರು, ಬಡಾವಣೆ, ಉದ್ಯೋಗದ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆಯಿದೆ. ವಯಸ್ಸು 26, ವಿಜಯನಗರದಲ್ಲಿ ತಂದೆತಾಯಿಯ ಜೊತೆ ವಾಸ, ವೈಟ್‌ಫೀಲ್ಡ್ ಕಡೆ ಕೆಲಸ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ, ಗದ್ದದ ಮೇಲೆ ಒರಟು ಕೂದಲು, ಕತ್ತಿನ ಹಿಂದೆ ಕಪ್ಪು. ಇವು ಪಿಸಿಓಎಸ್, ಅಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎಂಬ ಹಾರ್ಮೋನಿನ ಏರುಪೇರಿನ ಲಕ್ಷಣಗಳು. ಅವಳ ಸ್ತ್ರೀರೋಗ ತಜ್ಞೆ ಆಹಾರ, ವ್ಯಾಯಾಮದ ಸಲಹೆ ಕೊಡುವ ನನ್ನ ಬಳಿ ಕಳಿಸಿದಾಗ ಚೀಟಿಯಲ್ಲಿ ಒಂದೇ ಸಾಲಿತ್ತು: ಡಯಟ್, ಎಕ್ಸರ್‌ಸೈಜ್ ಪಾಲಿಸುತ್ತಿಲ್ಲ, ಮಾತಾಡಿ ನೋಡಿ.

ಇಂಥ ಚೀಟಿಯನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಮಿತಿಮೀರಿ ಪಾಲಿಸಿ ಸುಸ್ತಾದವರೂ ವೈದ್ಯರ ಕಣ್ಣಿಗೆ ಹಾಗೇ ಕಾಣುತ್ತಾರೆ.

ಮೊದಲ ಭೇಟಿಗೆ ಅಮ್ಮನೂ ಬಂದಿದ್ದರು. ಮಗಳು ಬಾಯಿ ತೆರೆಯುವ ಮೊದಲೇ ಶುರು ಮಾಡಿದರು. "ನೋಡಿ ಮೇಡಂ, ಅನ್ನ ಬಿಟ್ಟು ಆರು ತಿಂಗಳಾಯ್ತು. ಬೆಳಗ್ಗೆ ತಿಂಡಿನೂ ತಿನ್ನಲ್ಲ. ಆದ್ರೂ ಒಂದು ಕೆಜಿ ಇಳಿದಿಲ್ಲ. ಗರ್ಭಕೋಶದಲ್ಲಿ ನೀರುಗುಳ್ಳೆ ಅಂತಾರೆ, ನಾಳೆ ಮದುವೆ ಮಕ್ಕಳು ಅಂದ್ರೆ ಏನು ಗತಿ?" ರಮ್ಯಾ ಮೊಬೈಲ್ ನೋಡುತ್ತಾ ಕೂತಿದ್ದಳು. ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ.

ಏನು ತಿನ್ನುತ್ತೀರಿ ಎಂದು ಕೇಳಿದರೆ ಎಲ್ಲರೂ ಒಳ್ಳೆಯ ಪಟ್ಟಿಯನ್ನೇ ಒಪ್ಪಿಸುತ್ತಾರೆ. ಅದಕ್ಕೆ ನಿನ್ನೆಯ ದಿನವನ್ನು ಎದ್ದ ಗಳಿಗೆಯಿಂದ ಹೇಳಿಸಿದೆ. ಎದ್ದ ಕೂಡಲೇ ತಕ್ಕಡಿ. ಮುಳ್ಳು ಮೇಲೆ ಹೋಗಿದ್ದರೆ ತಿಂಡಿ ಇಲ್ಲ, ಬರೀ ಮೆಂತ್ಯ ನೆನೆಸಿದ ನೀರು. ಹನ್ನೊಂದಕ್ಕೆ ಸಕ್ಕರೆ ಇಲ್ಲದ ಕಾಫಿ. ಮಧ್ಯಾಹ್ನ ಡಬ್ಬಿಯಲ್ಲಿ ಸೌತೆಕಾಯಿ, ಟೊಮೆಟೊ. ಸಂಜೆ ಆರಕ್ಕೆ ಕೈಕಾಲು ನಡುಗುವಷ್ಟು ಹಸಿವು, ಅದರ ಮೇಲೆ ಒಂದು ಗಂಟೆಗೂ ಹೆಚ್ಚು ಮೆಟ್ರೊ. ಇಳಿದರೆ ಎದುರಿಗೆ ಬೇಕರಿ. "ಒಂದು ಆಲೂ ಬನ್‌ಗೆ ನಿಲ್ಲಲ್ಲ ಮೇಡಂ. ಪಫ್ಸ್, ಹನಿ ಕೇಕ್... ಬಾಯಿ ಒರೆಸಿಕೊಂಡು ಮನೆಗೆ ಹೋಗ್ತೀನಿ. ಅಮ್ಮನ ಮುಂದೆ ಅರ್ಧ ಚಪಾತಿ ತಿಂದು ಎದ್ದುಬಿಡ್ತೀನಿ." ಇದನ್ನು ಹೇಳುವಾಗ ಅತ್ತಳು.

ಇಲ್ಲಿ ಆಹಾರದ ಮಾತನ್ನು ಪಕ್ಕಕ್ಕಿಟ್ಟು ಬೇರೆ ಪ್ರಶ್ನೆಗಳನ್ನು ಕೇಳಲೇಬೇಕಾಗುತ್ತದೆ. ತಿಂದದ್ದನ್ನು ಬೇಕೆಂದೇ ವಾಂತಿ ಮಾಡುತ್ತೀರಾ, ಭೇದಿ ಮಾತ್ರೆ ತಗೊಳ್ಳುತ್ತೀರಾ, ಬದುಕು ಸಾಕೆನಿಸಿದ್ದುಂಟಾ. ಪಿಸಿಓಎಸ್ ಇರುವವರಲ್ಲಿ ಖಿನ್ನತೆ, ಆತಂಕ, ಹತೋಟಿ ತಪ್ಪಿ ತಿನ್ನುವುದು ಉಳಿದವರಿಗಿಂತ ಹೆಚ್ಚು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಇವುಗಳ ಬಗ್ಗೆ ವಿಚಾರಿಸಿ ಎನ್ನುತ್ತದೆ. ರಮ್ಯಾಗೆ ವಾಂತಿ, ಮಾತ್ರೆ, ಸಾಯುವ ಯೋಚನೆ ಇರಲಿಲ್ಲ. ಇದ್ದಿದ್ದರೆ ಮೊದಲು ಮನೋವೈದ್ಯರ ಬಳಿ ಕಳಿಸುತ್ತಿದ್ದೆ.

ಆಮೇಲೆ ಅಮ್ಮನನ್ನು ಒಳಗೆ ಕರೆದೆ. ಬೇಕರಿಯ ಸುದ್ದಿ ರಮ್ಯಾ ತಾನಾಗಿ ಹೇಳುವವರೆಗೂ ನನ್ನ ಬಾಯಿಂದ ಬರುವುದಿಲ್ಲ ಎಂದು ಅವಳಿಗೆ ಮೊದಲೇ ಹೇಳಿದ್ದೆ. ಇಬ್ಬರಿಗೂ ಸೇರಿ ಕಾಯಿಲೆಯನ್ನು ವಿವರಿಸಿದ್ದು ಇಷ್ಟು. ಸ್ಕ್ಯಾನಿಂಗ್‌ನಲ್ಲಿ ಕಾಣುವ ಗುಳ್ಳೆಗಳು ಗರ್ಭಕೋಶದಲ್ಲಿಲ್ಲ, ಅಂಡಾಶಯದಲ್ಲಿವೆ. ಅವು ಗಡ್ಡೆಗಳಲ್ಲ, ಪೂರ್ತಿ ಬೆಳೆಯದೆ ನಿಂತ ಅಂಡಕೋಶಕಗಳು. ಅವುಗಳನ್ನು ಕರಗಿಸುವ ಕಷಾಯ ಹುಡುಕಬೇಕಾಗಿಲ್ಲ. ಬಹಳ ಜನರಲ್ಲಿ ದೇಹ ಇನ್ಸುಲಿನ್ ಮಾತಿಗೆ ಸರಿಯಾಗಿ ಓಗೊಡುವುದಿಲ್ಲ, ಆದ್ದರಿಂದ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಅದು ಹೆಚ್ಚಾದಷ್ಟೂ ಅಂಡಾಶಯ ಗಂಡು ಹಾರ್ಮೋನನ್ನು ಹೆಚ್ಚು ತಯಾರಿಸುತ್ತದೆ. ಮುಟ್ಟು ತಪ್ಪುವುದು, ಗದ್ದದ ಕೂದಲು, ಮೊಡವೆ ಇದರಿಂದ. ಕತ್ತಿನ ಕಪ್ಪು ನೇರವಾಗಿ ಇನ್ಸುಲಿನ್‌ನ ಗುರುತು, ತಾಯಂದಿರು ಅದನ್ನು ಕೊಳೆ ಎಂದುಕೊಂಡು ಕಡಲೆಹಿಟ್ಟು ಹಾಕಿ ಉಜ್ಜಿಸುತ್ತಾರೆ. ಈ ಅಮ್ಮನೂ ಉಜ್ಜಿಸಿದ್ದರು.

ಇನ್ನು ಸಲಹೆ. ರೀಲ್ಸ್ ನೋಡಿ ರಮ್ಯಾ ಅನ್ನ, ಹಾಲು, ಗೋಧಿ, ಬಾಳೆಹಣ್ಣು ಒಂದೊಂದಾಗಿ ಬಿಟ್ಟಿದ್ದಳು. ಪಿಸಿಓಎಸ್‌ಗೆ ಇಂಥದ್ದೇ ಆಹಾರಕ್ರಮ ಮೇಲು ಎನ್ನಲು ಆಧಾರವಿಲ್ಲ; ಆ ಮಾರ್ಗಸೂಚಿಯ ಮಾತೂ ಅದೇ. ಹಾಗಿದ್ದ ಮೇಲೆ ಅಮ್ಮನ ಅಡುಗೆಮನೆಯಲ್ಲಿ ನಡೆಯುವ ಕ್ರಮವೇ ನನಗೆ ಸಾಕು. ಮೊದಲ ಬದಲಾವಣೆ ಸಂಜೆಯದ್ದಲ್ಲ, ಬೆಳಗಿನದ್ದು: ಎಂಟು ಗಂಟೆಯೊಳಗೆ ತಿಂಡಿ, ಅದರಲ್ಲಿ ಪ್ರೋಟೀನ್ ಇರಲೇಬೇಕು. ಎರಡು ಮೊಟ್ಟೆ, ಇಲ್ಲವೇ ಹೆಸರುಕಾಳಿನ ದೋಸೆ, ಇಡ್ಲಿಯಾದರೆ ಚಟ್ನಿ ಕಡಿಮೆ, ಗಟ್ಟಿ ಸಾಂಬಾರ್ ಜಾಸ್ತಿ. ಮಧ್ಯಾಹ್ನದ ಡಬ್ಬಿಗೆ ಅನ್ನ ವಾಪಸ್ ಬಂತು. ಒಂದು ಬಟ್ಟಲು ಅನ್ನ, ಅಷ್ಟೇ ಪ್ರಮಾಣದ ಹುಳಿ ಅಥವಾ ಮೊಳಕೆಕಾಳಿನ ಸಾರು, ಅದಕ್ಕಿಂತ ಹೆಚ್ಚು ಪಲ್ಯ, ಮೊಸರು. ಐದು ಗಂಟೆಗೆ, ಅಂದರೆ ಹಸಿವು ತಲೆಗೇರುವ ಮೊದಲೇ, ಒಂದು ಹಿಡಿ ಹುರಿಗಡಲೆ ಅಥವಾ ಶೇಂಗಾ, ಜೊತೆಗೊಂದು ಸೀಬೆಹಣ್ಣು. ಇದನ್ನು ಕಚೇರಿಯ ಡ್ರಾಯರ್‌ನಲ್ಲೇ ಇಡಿಸಿದೆ.

"ರಾಗಿ ಮುದ್ದೆ ಕೊಟ್ರೆ ಸಕ್ಕರೆ ಏರಲ್ಲ ಅಲ್ವಾ ಮೇಡಂ?" ಅಮ್ಮನ ಪ್ರಶ್ನೆ. ರಾಗಿ ಒಳ್ಳೆಯದೇ. ನಾರಿದೆ, 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ ಇದೆ. ಆದರೆ ಅದೂ ಪಿಷ್ಟವೇ. ಬಸ್ಸಾರಿನ ಜೊತೆ ಒಂದು ಸಣ್ಣ ಮುದ್ದೆ ಬೇರೆ, ಬೆಲ್ಲ ಹಾಕಿ ದೊಡ್ಡ ಲೋಟದಲ್ಲಿ ಕುಡಿಯುವ ರಾಗಿ ಮಾಲ್ಟ್ ಬೇರೆ. ಬೆಂಗಳೂರಿನ ಮನೆಗಳಲ್ಲಿ ಎರಡನ್ನೂ 'ರಾಗಿ ಆರೋಗ್ಯ' ಎಂಬ ಒಂದೇ ಖಾತೆಗೆ ಬರೆದುಬಿಡುತ್ತಾರೆ.

ಬೇಕರಿಯನ್ನು ನಿಷೇಧಿಸಲಿಲ್ಲ. ಭಾನುವಾರ ಅಪ್ಪನ ಜೊತೆ, ಎಲ್ಲರಿಗೂ ಗೊತ್ತಾಗುವ ಹಾಗೆ ಹೋಗಿ ಒಂದು ತಿನ್ನಿ ಎಂದೆ. ಕದ್ದು ತಿನ್ನುವುದಕ್ಕಿರುವ ಸೆಳೆತ ಎದುರಿಗೆ ಕೂತು ತಿನ್ನುವುದಕ್ಕಿರುವುದಿಲ್ಲ.

ತಕ್ಕಡಿ ಅಟ್ಟ ಸೇರಿತು. ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. ತೂಕ ಹೆಚ್ಚಿರುವವರಲ್ಲಿ ಶೇಕಡಾ 5ರಿಂದ 10ರಷ್ಟು ಇಳಿದರೂ ಮುಟ್ಟು ಸುಧಾರಿಸಬಹುದೆಂಬುದು ನಿಜ, ನೋಡದಿದ್ದರೆ ತಿಳಿಯುವುದು ಹೇಗೆ ಎನ್ನುತ್ತಾರೆ. ತಿಂಗಳಿಗೊಮ್ಮೆ ವೈದ್ಯರ ಬಳಿ ನೋಡಲಿ. ದಿನವೂ ಏರಿಳಿಯುವ ಮುಳ್ಳು ಇವಳ ತಿಂಡಿ ಕಸಿಯುತ್ತಿತ್ತು. ಅದರ ಬದಲು ಮುಟ್ಟಿನ ದಿನಾಂಕ, ನಿದ್ದೆಯ ಗಂಟೆ, ಸೊಂಟದ ಸುತ್ತಳತೆ ಬರೆಯಲು ಹೇಳಿದೆ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕು.

ವ್ಯಾಯಾಮದ ಕಥೆ ಚಿಕ್ಕದು. ಜಿಮ್‌ಗೆ ವರ್ಷದ ಹಣ ಕಟ್ಟಿ ಬಿಟ್ಟಿದ್ದಳು, ಆ ಬಗ್ಗೆ ಮನೆಯಲ್ಲಿ ಮಾತು ಕೇಳುತ್ತಲೇ ಇದ್ದಳು. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ, ಅದಲ್ಲದೆ ಎರಡು ದಿನ ಸ್ನಾಯುಗಳಿಗೆ ಕೆಲಸ, ಇದು ಗುರಿ. ಒಂದು ಸ್ಟೇಷನ್ ಮೊದಲೇ ಇಳಿದು ಮನೆವರೆಗೆ ನಡೆಯುವುದು, ರಾತ್ರಿ ಊಟವಾದ ಮೇಲೆ ಅಮ್ಮನ ಜೊತೆ ಹತ್ತು ಹದಿನೈದು ನಿಮಿಷ ಸುತ್ತಾಟ, ಬುಧವಾರ ಶನಿವಾರ ಕುರ್ಚಿಯಿಂದ ಕೂತು ಏಳುವುದು, ಗೋಡೆಗೆ ಕೈಕೊಟ್ಟು ದಂಡ, ನೀರಿನ ಬಾಟಲಿ ಎತ್ತುವುದು. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೂ ರಕ್ತದ ಸಕ್ಕರೆ ಎಳೆದುಕೊಳ್ಳುತ್ತದೆ ಎಂದಾಗ ರಮ್ಯಾ ಮೊದಲ ಸಲ ಆಸಕ್ತಿಯಿಂದ ತಲೆ ಎತ್ತಿದಳು. ತೂಕ ಇಳಿಯದಿದ್ದರೂ ಲಾಭವಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ವೈದ್ಯರಿಗೆ ಬಿಟ್ಟದ್ದು ವೈದ್ಯರಿಗೆ. ದೇಹ ಇನ್ಸುಲಿನ್‌ಗೆ ಸರಿಯಾಗಿ ಓಗೊಡಲೆಂದು ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಹೊಟ್ಟೆ ಕೆಡುತ್ತದೆಂದು ರಮ್ಯಾ ತಾನೇ ನಿಲ್ಲಿಸಿದ್ದಳು. ಅದನ್ನು ಅವರಿಗೆ ಹೇಳಿಸಿದೆ, ಅವರು ಊಟದ ಜೊತೆ ಕಡಿಮೆ ಪ್ರಮಾಣದಿಂದ ಮತ್ತೆ ಆರಂಭಿಸಿದರು. ಮೂರು ತಿಂಗಳು ಮುಟ್ಟಾಗದಿದ್ದರೆ ಕಾಯದೆ ಹೋಗಬೇಕು, ಏಕೆಂದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುವುದು ಒಳ್ಳೆಯದಲ್ಲ. ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆಯನ್ನೂ ಬಿಡಬಾರದು.

ಕೆಲವು ತಿಂಗಳಲ್ಲಿ ಮುಟ್ಟಿನ ಅಂತರ ನಲವತ್ತು ದಿನದ ಆಸುಪಾಸಿಗೆ ಬಂತು. ಸಂಜೆಯ ಬೇಕರಿ ಬಹುಮಟ್ಟಿಗೆ ನಿಂತಿದೆ, ಪೂರ್ತಿ ಅಲ್ಲ. ಗದ್ದದ ಕೂದಲು ಹಾಗೇ ಇದೆ. ಅದಕ್ಕೆ ಔಷಧಿಯಿಂದಲೂ ಆರು ತಿಂಗಳಾದರೂ ಬೇಕು; ಅಲ್ಲಿಯವರೆಗೆ ಥ್ರೆಡಿಂಗ್, ಬೇಕಿದ್ದರೆ ಚರ್ಮವೈದ್ಯರ ಬಳಿ ಲೇಸರ್.

ಅಮ್ಮ ಕೊನೆಗೆ ಕೇಳಿದ್ದು ಗಂಡಿನ ಕಡೆಯವರಿಗೆ ಹೇಳಬೇಕಾ ಎಂದು. ಪಿಸಿಓಎಸ್ ಎಂದರೆ ಬಂಜೆತನವಲ್ಲ, ಹೆಚ್ಚಿನವರಿಗೆ ಮಕ್ಕಳಾಗುತ್ತವೆ, ತಡವಾದರೆ ಅಂಡ ಬಿಡುಗಡೆಗೆ ಮಾತ್ರೆಗಳಿವೆ ಎಂದು ಮೊದಲು ಹೇಳಿದೆ. ಹೇಳುವುದಾದರೆ ಹುಡುಗನಿಗೆ ರಮ್ಯಾ ನೇರವಾಗಿ ಹೇಳಲಿ, ದಲ್ಲಾಳಿಯ ಮೂಲಕ ಬೇಡ. ಅವಳು ಯೋಚಿಸಿ, ಮಾತು ಮುಂದುವರಿದರೆ ನಿಶ್ಚಿತಾರ್ಥಕ್ಕೆ ಮೊದಲು ಹೇಳುತ್ತೇನೆ, ಜಾತಕ ಕೊಡುವಾಗಲೇ ಅಲ್ಲ ಎಂದಳು. ಅಮ್ಮನಿಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ. ಬರುವ ತಿಂಗಳಿಂದ ರಮ್ಯಾಗೆ ರಾತ್ರಿ ಪಾಳಿ. ಊಟದ ಹೊತ್ತು, ನಿದ್ದೆ ಎಲ್ಲವನ್ನೂ ಹೊಸದಾಗಿ ಹೊಂದಿಸಲು ಇಬ್ಬರೂ ಮತ್ತೆ ಬರುತ್ತಾರೆ.