ರಿಪೋರ್ಟ್‌ನಲ್ಲಿ ‘ಕ್ಯಾಲ್’ ಅಂತಿದ್ರೆ ರಾಗಿ ಮುದ್ದೆ ಬಿಡ್ಬೇಕಾ?

ಪ್ರಶ್ನೆ: ನಮ್ಮನೆಯವ್ರಿಗೆ ಮೂರು ತಿಂಗಳಿಂದ ದಿನಕ್ಕೆ ನಾಲ್ಕೈದು ಸಲ ಲೂಸ್ ಮೋಷನ್, ಹೊಟ್ಟೆ ನುಲಿತ ಬೇರೆ. ಡಾಕ್ಟ್ರು ಮೋಷನ್ ಟೆಸ್ಟ್ ಬರ್ಕೊಟ್ರು, ಕ್ಯಾಲ್‌ಪ್ರೊಟೆಕ್ಟಿನ್ ಅಂತ. 340 ಬಂದಿದೆ, 50ರ ಒಳಗಿರ್ಬೇಕಂತೆ. ನಮ್ಮತ್ತೆ ಇದು ಕ್ಯಾಲ್ಸಿಯಂ ಜಾಸ್ತಿ ಆಗಿರೋದು ಅಂತ ಹಾಲು, ಮುದ್ದೆ ಎರಡೂ ನಿಲ್ಲಿಸಿಬಿಟ್ಟಿದಾರೆ. ಸರೀನಾ?
(ಹೆಸರು ಬೇಡ, ಹಾಸನ)

ಉತ್ತರ: ಹೊಟ್ಟೆಗೆ ಒಗ್ಗೋದಾದ್ರೆ ಮೊದ್ಲು ಮುದ್ದೆ ವಾಪಸ್ ಕೊಡಿ ತಾಯಿ, ಹಾಸನದವ್ರಿಗೆ ಮುದ್ದೆ ಬಿಡಿಸೋದು ಸಣ್ಣ ಶಿಕ್ಷೆ ಅಲ್ಲ! ತಿಂದ ಕ್ಯಾಲ್ಸಿಯಂಗೂ ಈ ನಂಬರಿಗೂ ಸಂಬಂಧ ಇಲ್ಲ. ಒಂದು ಗ್ರಾಂ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅನ್ನೋ ಪ್ರೊಟೀನು ಎಷ್ಟು ಮೈಕ್ರೋಗ್ರಾಂ ಇದೆ ಅಂತ ಅಳೆದಿರೋದು, ಅದು ಬರೋದು ಬಿಳಿ ರಕ್ತಕಣಗಳಿಂದ.

ಗಾಯ ಕೀವಾಗೋದು ನೋಡಿದೀರಲ್ಲ, ಆ ಕೀವಲ್ಲಿ ಹೆಚ್ಚಿರೋದು ಸತ್ತ ನ್ಯೂಟ್ರೋಫಿಲ್‌ಗಳು, ಅಂದ್ರೆ ಸೋಂಕು ಇರೋ ಕಡೆಗೆ ಮೊದ್ಲು ಓಡಿಬರೋ ಬಿಳಿ ಕಣಗಳು. ಅವುಗಳ ಒಳಗಿನ ರಸದಲ್ಲಿರೋ ಪ್ರೊಟೀನಲ್ಲಿ ಹೆಚ್ಚೂಕಮ್ಮಿ ಅರ್ಧದಷ್ಟು ಈ ಕ್ಯಾಲ್‌ಪ್ರೊಟೆಕ್ಟಿನ್ ಒಂದೇ ಅಂದ್ರೆ ನೋಡಿ, ಎಷ್ಟು ತುಂಬ್ಕೊಂಡು ಬಂದಿರ್ತಾವೆ ಅಂತ. ಹೊರಗೆ ಹೋಗೋ ಪ್ರೊಟೀನ್‌ಗಳಿಗೆ ಸಾಮಾನ್ಯವಾಗಿ ಒಂದು ವಿಳಾಸದ ಚೀಟಿ ಅಂಟಿರುತ್ತೆ, ಇದಕ್ಕೆ ಅದೂ ಇಲ್ಲ, ಬೇರೆ ದಾರೀಲಿ ನುಸುಳಿ ಬರುತ್ತೆ, ಇಲ್ಲಾ ಕಣ ಒಡೆದಾಗ ಚೆಲ್ಲುತ್ತೆ. ಇನ್ನೊಂದು ದಾರಿ ವಿಚಿತ್ರವಾದ್ದು, ನ್ಯೂಟ್ರೋಫಿಲ್ ತನ್ನ ಡಿಎನ್‌ಎನೇ ಬಿಚ್ಚಿ ಬಲೆ ಥರ ಬೀಸಿಬಿಡುತ್ತೆ (2004ರಲ್ಲಿ ಬರ್ಲಿನ್‌ನ ವಿಜ್ಞಾನಿಗಳು ತೋರಿಸಿದ್ದು), ಆ ಬಲೆ ಮೇಲೂ ಈ ಪ್ರೊಟೀನು ಅಂಟ್ಕೊಂಡಿರುತ್ತೆ.

ಈಗ ಹೆಸರಲ್ಲಿರೋ ‘ಕ್ಯಾಲ್’ ವಿಷಯ. ಜೀವಕೋಶದ ಒಳಗೆ ಬಿಡಿ ಕ್ಯಾಲ್ಸಿಯಂ ತುಂಬಾ ಕಮ್ಮಿ, ಹೊರಗೆ ಅದರ ಹತ್ತು ಸಾವಿರ ಪಟ್ಟು. ಪ್ರೊಟೀನು ಹೊರಗೆ ಬಿದ್ದ ತಕ್ಷಣ ಕ್ಯಾಲ್ಸಿಯಂ ಹಿಡ್ಕೊಳ್ಳುತ್ತೆ, ಎರಡೆರಡಾಗಿದ್ದ ತುಂಡುಗಳು ನಾಲ್ಕಾಗಿ ಕೂಡ್ಕೊಳ್ತವೆ, ಆಮೇಲೆ ಸುತ್ತಮುತ್ತಲಿನ ಝಿಂಕು ಮ್ಯಾಂಗನೀಸು ಎಲ್ಲಾ ಬಾಚ್ಕೊಂಡು ಬಿಗಿಯಾಗಿ ಹಿಡ್ಕೊಳ್ಳುತ್ತೆ. ಬ್ಯಾಕ್ಟೀರಿಯಾಗೂ ಬೆಳೆಯೋಕೆ ಅವೇ ಬೇಕು, ಸಿಗಲ್ಲ, ಉಪವಾಸ ಬೀಳ್ತವೆ. ಅಂದ್ರೆ ಕ್ಯಾಲ್ಸಿಯಂ ಇಲ್ಲಿ ಸ್ವಿಚ್ಚು ಅಷ್ಟೇ, ‘ನೀನೀಗ ಹೊರಗೆ ಬಂದಿದೀಯ, ಕೆಲಸ ಶುರು ಮಾಡು’ ಅನ್ನೋದಕ್ಕೆ. ಜೊತೆಗೆ ಇದೇ ಪ್ರೊಟೀನು ಬೇರೆ ರಕ್ಷಣಾ ಕಣಗಳಿಗೂ ಅಪಾಯದ ಗಂಟೆ ಬಾರಿಸುತ್ತೆ, ಅವು ಬರ್ತವೆ, ಅವು ಬಂದ್ಮೇಲೆ ಇನ್ನಷ್ಟು. ಸೋಂಕಾದ್ರೆ ಒಳ್ಳೇದೇ, ಆದ್ರೆ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಥರದ, ಕರುಳಲ್ಲಿ ಉರಿಯೂತ ಬಹುಕಾಲ ಕಾಡೋ ಕಾಯಿಲೇಲಿ ಗಂಟೆ ನಿಲ್ಲೋದೇ ಇಲ್ಲ, ಕರುಳಿಗೇ ಪೆಟ್ಟು.

340 ಹೇಳೋದು ಕರುಳಲ್ಲಿ ಉರಿಯೂತ ಇರ್ಬೋದು ಅಂತ ಮಾತ್ರ, ಯಾವ ಕಾಯಿಲೆ ಅಂತ ಅಲ್ಲ. ಬರೀ ಐಬಿಎಸ್ (ಉರಿಯೂತ ಇಲ್ದೇನೇ ಹೊಟ್ಟೆ ಕೆಡಿಸೋ ಕರುಳಿನ ತೊಂದ್ರೆ) ಆಗಿದ್ರೆ ಸಾಮಾನ್ಯವಾಗಿ ಇಷ್ಟು ಏರಲ್ಲ. ಮಂಡಿನೋವು ಅಂತ ಡೈಕ್ಲೋಫಿನಾಕ್, ಐಬುಪ್ರೊಫೆನ್ ನುಂಗ್ತಿದ್ರೂ ಏರುತ್ತೆ, ಅದನ್ನ ಡಾಕ್ಟ್ರಿಗೆ ಮುಚ್ಚಿಡ್ಬೇಡಿ. ನಮ್ಮ ದೇಶದಲ್ಲಿ ಕರುಳಿನ ಟಿಬಿ ಕೂಡ ಇದೆ, ಅದರಲ್ಲೂ ಏರುತ್ತೆ, ಕ್ರೋನ್ಸೋ ಟಿಬಿನೋ ಅಂತ ಈ ನಂಬರ್ ನೋಡಿ ಹೇಳೋಕಾಗಲ್ಲ. ಡಾಕ್ಟ್ರು ಕೊಲೊನೋಸ್ಕೋಪಿ (ಕ್ಯಾಮೆರಾ ಇರೋ ನಳಿಗೆಯಿಂದ ದೊಡ್ಡ ಕರುಳು ನೋಡೋದು) ಮಾಡಿ ಕರುಳಿನ ಚೂರು ತೆಗೆದು ನೋಡೋಣ ಅಂದ್ರೆ ಹೆದರ್ಕೊಂಡು ಮುಂದೆ ಹಾಕ್ಬೇಡಿ, ಯಾರೋ ಹೇಳಿದ್ರು ಅಂತ ಸ್ಟೀರಾಯ್ಡ್ ಮಾತ್ರ ಶುರು ಮಾಡ್ಲೇಬೇಡಿ, ಟಿಬಿ ಆಗಿದ್ರೆ ಕೆರಳುತ್ತೆ.

ಪ್ರಶ್ನೆ: ಇದೇ ಟೆಸ್ಟ್‌ಗೆ ಸ್ಯಾಂಪಲ್ ಶಿರಸಿಯಿಂದ ಹುಬ್ಬಳ್ಳಿಗೆ ಬಸ್ಸಲ್ಲಿ ಒಯ್ಯಬೇಕು, ಹಾಳಾಗಲ್ವಾ?
(ಒಬ್ಬ ಓದುಗರು, ಶಿರಸಿ)

ಉತ್ತರ: ಅಷ್ಟು ಹೊತ್ತಿಗೆ ಏನೂ ಆಗಲ್ಲ. ಕ್ಯಾಲ್ಸಿಯಂ ಹಿಡ್ಕೊಂಡ ಈ ಪ್ರೊಟೀನನ್ನ ಕರುಳಿನ ಎನ್‌ಜೈಮುಗಳಿಗೂ ಸುಲಭಕ್ಕೆ ಅರೆಯೋಕಾಗಲ್ಲ, ಹೊರಗೂ ಎರಡ್ಮೂರು ದಿನ ತಡ್ಕೊಳ್ಳುತ್ತೆ. ಓಸ್ಲೋದ ಫಾಗರ್‌ಹೋಲ್ ಮತ್ತವರ ಜೊತೆಯವ್ರು 1980ರಲ್ಲಿ ಇದನ್ನ ಬಿಳಿ ಕಣದಲ್ಲಿ ಗುರುತಿಸಿದ್ರು, 1992ರ ಹೊತ್ತಿಗೆ ಮಲದಲ್ಲೂ ಅಳೆದ್ರು, ಈ ಗಟ್ಟಿತನ ಇಲ್ದಿದ್ರೆ ಆ ಟೆಸ್ಟೇ ಆಗ್ತಿರಲಿಲ್ಲ. ಲ್ಯಾಬ್ ಕೊಟ್ಟ ಡಬ್ಬೀಲೇ ತಗೊಳ್ಳಿ, ಮುಚ್ಚಳ ಮಾತ್ರ ಬಿಗಿಯಾಗಿ ಹಾಕಿ, ಬಸ್ಸಿನ ಕುಲುಕಾಟ!