ಹಾಡು ಕೇಳಿ ರಾಜಕೀಯ ಓದಿದವರು

ಜನಪ್ರಿಯ ಹಾಡುಗಳ ಮೂಲಕ ಆಫ್ರಿಕಾದ ರಾಜಕೀಯ ಓದೋದು ಗಂಭೀರ ಸಂಶೋಧನೆ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞೆ ಕೆಲ್ಲಿ ಆಸ್ಕ್ಯೂ ಅವರ ಕೆಲಸ ನೋಡಿ. ಟಾಂಜಾನಿಯಾ ಕರಾವಳಿಯ ತಾರಬ್ ಎಂಬ ಸ್ವಾಹಿಲಿ ಭಾಷೆಯ ಹಾಡುಗಾರಿಕೆಯನ್ನು ಅಲ್ಲಿನ ಸಂಗೀತ ತಂಡಗಳ ಜೊತೆಗೇ ಸೇರಿ ಕಲಿತವರು.

ಅಲ್ಲಿ ಹಾಡಿನ ಒಂದು ಸಾಲು ಬಂದಾಗ ಕೇಳುಗ ಹೆಂಗಸೊಬ್ಬಳು ನೋಟು ಎತ್ತಿ ಹಿಡಿದು, ಕುಣಿಯುತ್ತಾ ಹೋಗಿ ಗಾಯಕಿಗೆ ಕೊಡುತ್ತಾಳೆ. ಆ ಸಾಲು ಯಾರಿಗೆ ಚುಚ್ಚಬೇಕೋ ಅವರಿಗೆ ಚುಚ್ಚುತ್ತದೆ. ಅವಳು ಬಾಯಿ ಬಿಟ್ಟು ಒಂದು ಮಾತೂ ಆಡಿರುವುದಿಲ್ಲ! ಸುಮ್ನೆ ಮನರಂಜನೆ ಅಲ್ಲ, ಅಲ್ವಾ?

2002ರ ‘ಪರ್ಫಾರ್ಮಿಂಗ್ ದ ನೇಷನ್’ ಪುಸ್ತಕದಲ್ಲಿ ಆಸ್ಕ್ಯೂ ಈ ಎಳೆಯನ್ನು ಸರ್ಕಾರದ ಸಂಸ್ಕೃತಿ ನೀತಿಯವರೆಗೆ ಒಯ್ಯುತ್ತಾರೆ. ರಾಷ್ಟ್ರ ಅನ್ನೋದನ್ನು ಅಧಿಕಾರಿಗಳಷ್ಟೇ ಅಲ್ಲ, ಹಾಡುವವರೂ ಕೇಳುವವರೂ ಕಟ್ಟುತ್ತಾರೆ ಅನ್ನೋದು ಅವರ ವಾದ. ತಾರಬ್ ಅಧ್ಯಾಯಗಳಿಂದಲೇ ಶುರು ಮಾಡಿ.